ಹೆಡ್‌ಲೈಟ್ ಮಂಕಾದರೆ ಟೂತ್‌ಪೇಸ್ಟ್ ಸಾಲದು

ಹಳೇ ಕಾರಿನ ಹೆಡ್‌ಲೈಟ್ ಹಳದಿಯಾಗಿದೆ ಅಂತ ಯಾರನ್ನೇ ಕೇಳಿ, ಬರುವ ಸಲಹೆ ಒಂದೇ. ‘ಟೂತ್‌ಪೇಸ್ಟ್ ಹಾಕಿ ಉಜ್ಜಿ ಸಾರ್, ಫಳಫಳ ಅನ್ನುತ್ತೆ.’ ಅನ್ನೋದೇನೋ ನಿಜ. ಆದರೆ ಎಷ್ಟು ದಿನ? ಪೇಸ್ಟಿನಲ್ಲಿರುವ ನುಣ್ಣನೆಯ ಪುಡಿ ಮೇಲಿನ ಮಂಕನ್ನು ಒಂಚೂರು ಕೆರೆಯುತ್ತದೆ, ಅಷ್ಟೇ. ಸ್ವಲ್ಪ ದಿನ ಬಿಸಿಲು ಬಿದ್ದರೆ ಮತ್ತೆ ಅದೇ ಕಥೆ. ಯಾಕೆಂದರೆ ಅದು ಕೊಳೆಯೇ ಅಲ್ಲ.

ಅಂಬಾಸಿಡರ್ ಕಾಲದ ದುಂಡನೆಯ ಹೆಡ್‌ಲೈಟಿನದು ಗಾಜು. ಈಗಿನವು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಸಣ್ಣ ಕಲ್ಲು ಸಿಡಿದರೂ ಒಡೆಯಲ್ಲ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಅದಕ್ಕೆ ಆಗದಿರುವುದು ಬಿಸಿಲಿನ ಅತಿನೇರಳೆ ಕಿರಣ. ಹಾಗಾಗಿ ಕಾರ್ಖಾನೆಯಲ್ಲೇ ಅದರ ಮೇಲೊಂದು ತೆಳ್ಳಗಿನ ಗಟ್ಟಿ ಲೇಪನ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಧೂಳು ತಿಂದು ಆ ಲೇಪನ ಸವೆಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ, ಕೆಳಗಿನ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ.

ಇದು ಕಾರಿನ ಅಂದದ ವಿಷಯ ಮಾತ್ರ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹಾಸನದಲ್ಲಿರುವ ನಮ್ಮಪ್ಪ ಹೋದ ವರ್ಷ ರಾತ್ರಿ ಗಾಡಿ ಓಡಿಸೋದನ್ನೇ ಬಿಟ್ಟುಬಿಟ್ಟಿದ್ದರು. ‘ಕಣ್ಣು ಸಾಲ್ತಿಲ್ಲ ಕಣೋ’ ಅನ್ನೋರು. ಮಂಗಳೂರಿನ ಅಕ್ಕನ ಮನೆಗೆ ಹೋದರೆ ಕತ್ತಲಾಗುವ ಮೊದಲು ಶಿರಾಡಿ ಘಾಟಿ ಹತ್ತಿಬಿಡಬೇಕು ಅಂತ ಊಟ ಮುಗಿಯುತ್ತಲೇ ಹೊರಡುತ್ತಿದ್ದರು. ಅಮ್ಮನಿಗೆ ಮೊಮ್ಮಗಳ ಜೊತೆ ಎರಡು ಗಂಟೆಯೂ ಸಿಗುತ್ತಿರಲಿಲ್ಲ. ಕಣ್ಣಿನ ಡಾಕ್ಟರು ನೋಡಿ, ಪವರ್ ಬದಲಾಗಿಲ್ಲ, ಪೊರೆಯೂ ಇಲ್ಲ ಅಂದರು. ಊರಿಗೆ ಹೋದಾಗ ಕತ್ತಲಲ್ಲಿ ಕಾಂಪೌಂಡ್ ಗೋಡೆಗೆ ಲೈಟ್ ಹಾಕಿಸಿ ನೋಡಿದೆ. ಗೋಡೆ ಮೇಲೆ ಬಿದ್ದಿದ್ದು ಬೆಳಕಲ್ಲ, ಚಹಾದ ಕಲೆ!

ಅಮೆರಿಕದ ವಾಹನ ಸಂಘಟನೆ ಎಎಎ 2018ರಲ್ಲಿ ಇದನ್ನು ಅಳೆದು ನೋಡಿತ್ತು. ತೀರಾ ಮಂಕಾದ ಹೆಡ್‌ಲೈಟ್ ಹೊಸದರ ಸುಮಾರು ಶೇ 20ರಷ್ಟು ಬೆಳಕು ಮಾತ್ರ ಕೊಡುತ್ತಿತ್ತು. ಉಜ್ಜಿ ಸರಿಪಡಿಸಿದ ಮೇಲೆ ಅದು ಶೇ 70ರ ಆಸುಪಾಸಿಗೆ ಬಂತು. ಉಳಿದ ಬೆಳಕು ಚೆದುರಿ ಎದುರಿನವರ ಕಣ್ಣಿಗೂ ಹೊಡೆಯುತ್ತದೆ. ಹೆಚ್ಚು ವಾಟಿನ ಬಲ್ಬ್ ಹಾಕಿಸೋದು ಇದಕ್ಕೆ ಮದ್ದಲ್ಲ. ಚೆದುರುವುದು ಇನ್ನೂ ಜಾಸ್ತಿ, ಮೇಲೆ ಬಿಸಿ ಬೇರೆ.

ಮಾಡಬೇಕಾದ್ದು ಇಷ್ಟು. ಲೈಟ್ ತೊಳೆದು, ಸುತ್ತಲಿನ ಬಣ್ಣಕ್ಕೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಚ್ಚಿ. ಹಾರ್ಡ್‌ವೇರ್ ಅಂಗಡಿಯಲ್ಲಿ 1000, 1500, 2000 ನಂಬರಿನ ವಾಟರ್ ಪೇಪರ್ ಸಿಗುತ್ತದೆ. ನೀರು ಹಾಕುತ್ತಾ ಮೊದಲು 1000ದಲ್ಲಿ ಉಜ್ಜಿ. ಹಳದಿ ಹಾಲಿನಂಥ ನೀರು ಇಳಿಯುತ್ತದೆ, ಅದು ಬೆಳ್ಳಗಾಗುವ ತನಕ ಬಿಡಬೇಡಿ. ಈ ಹಂತದಲ್ಲಿ ಲೈಟು ಮೊದಲಿಗಿಂತ ಕೆಟ್ಟದಾಗಿ, ಬಚ್ಚಲುಮನೆ ಕಿಟಕಿ ಗಾಜಿನ ಥರ ಕಾಣುತ್ತದೆ. (ಅಪ್ಪ ಇದನ್ನು ನೋಡಿ ಮಾತಾಡದೆ ಒಳಗೆ ಹೋಗಿಬಿಟ್ಟರು.) ಹೆದರಬೇಡಿ. ಮುಂದಿನ ಪೇಪರಿಗೆ ಹೋದಾಗ ಉಜ್ಜುವ ದಿಕ್ಕು ಬದಲಿಸಿ, ಹಿಂದಿನ ಗೀರು ಉಳಿದಿದ್ದರೆ ಗೊತ್ತಾಗುತ್ತದೆ.

ಇಷ್ಟಕ್ಕೇ ಪಾಲಿಶ್ ಹೊಡೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ಅಲ್ಲೇ ಕೆಲಸ ಕೆಡುವುದು. ಉಳಿದಿದ್ದ ಅಲ್ಪಸ್ವಲ್ಪ ಲೇಪನವನ್ನೂ ನಾವೇ ತೆಗೆದಿದ್ದೀವಿ, ಪ್ಲಾಸ್ಟಿಕ್ ಈಗ ಬರಿಮೈಯಲ್ಲಿ ಬಿಸಿಲಿಗೆ ನಿಂತಿದೆ. ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಆದ್ದರಿಂದ ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡು ಒರೆಸಿ, ಯುವಿ ತಡೆಯುವ ಕ್ಲಿಯರ್ ಕೋಟ್ ಕೊಡಲೇಬೇಕು. ಹಾರ್ಡನರ್ ಬೆರೆಸುವ 2ಕೆ ಸ್ಪ್ರೇ ಹೆಚ್ಚು ಬಾಳಿಕೆ ಬರುತ್ತದೆ, ಆದರೆ ಅದರ ಐಸೊಸಯನೇಟ್ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಟ್ಟೆಯ ಮಾಸ್ಕ್ ಅದಕ್ಕೆ ಸಾಲದು. ಆ ಒಂದು ಕೆಲಸವನ್ನು ಪೇಂಟಿಂಗ್ ಶೆಡ್ಡಿನವರಿಗೆ ಬಿಡುವುದೇ ಜಾಣತನ. ನಾನೂ ಹಾಗೇ ಮಾಡಿಸಿದ್ದು.

ಒಂದು ಮಾತು, ಮಂಕು ಒಳಗಡೆ ಇದ್ದರೆ, ನೀರಿನ ಹನಿ ಕಂಡರೆ, ಹೊರಗೆ ಎಷ್ಟು ಉಜ್ಜಿದರೂ ವ್ಯರ್ಥ. ಸೀಲ್ ಹೋಗಿರುತ್ತದೆ, ಅದನ್ನೇ ನೋಡಿಸಬೇಕು.

ಅಪ್ಪ ಈಗ ಮಂಗಳೂರಿನಿಂದ ಸಂಜೆ ಕಾಫಿ ಮುಗಿಸಿಕೊಂಡು ಹೊರಡುತ್ತಾರೆ. ಜೋರು ಮಳೆಯಿದ್ದರೆ ಮಾತ್ರ ರಾತ್ರಿ ಘಾಟಿ ಹತ್ತಲು ಈಗಲೂ ಒಪ್ಪಲ್ಲ. ಅದಕ್ಕೆ ನಾನೂ ಒತ್ತಾಯ ಮಾಡಲ್ಲ.