ಕೋಟೆಯೊಳಗಣ ಬಿಳಿಯ ಪಡೆ

2022ರ ದೀಪಾವಳಿ ಕಳೆದ ಮರುವಾರ ಬಾಗಲಕೋಟೆಯ ನಮ್ಮ ಮನೆಗೆ ನನ್ನ ವಿದ್ಯಾರ್ಥಿಯೊಬ್ಬ ತನ್ನ ತಂದೆಯನ್ನು ಕರೆತಂದ. ತಂದೆ ಇಳಕಲ್ಲಿನ ನೇಕಾರ. ಅವನ ಕೈಯಲ್ಲಿ ಏಳು ವರುಷದ ಮಗಳ ರಕ್ತಪರೀಕ್ಷೆಯ ಚೀಟಿಯಿತ್ತು. ಎರಡು ತಿಂಗಳಿಂದ ಮಗುವಿಗೆ ಬಿಟ್ಟು ಬಿಟ್ಟು ಜ್ವರ; ಮುಖ ಬಿಳಿಚಿಕೊಂಡಿತ್ತು; ಎಡವದೆ ಬೀಳದೆ ಕಾಲ ಮೇಲೆ ನೀಲಿಯ ಕಲೆಗಳು ಮೂಡುತ್ತಿದ್ದುವು. ಮನೆಯವರು ದೃಷ್ಟಿ ತೆಗೆದರು, ಟಾನಿಕ್ಕು ಕುಡಿಸಿದರು. ಚೀಟಿಯಲ್ಲಿ ಬಿಳಿಯ ರಕ್ತಕಣಗಳ ಸಂಖ್ಯೆ 82,000 ಎಂದಿತ್ತು.

“ಬಿಳಿ ಕಣ ರೋಗದ ಕೂಡ ಹೊಡೆದಾಡತಾವ ಅಂತ ಹುಡುಗನ ಪುಸ್ತಕದಾಗ ಐತ್ರಿ. ಹೆಚ್ಚಿದ್ದರ ಛಲೋ ಅಲ್ಲೇನ್ರಿ ಸರ?” ಎಂದು ಆತ ಕೇಳಿದ.

ಕನ್ನಡದ ಪಾಠ ಹೇಳುವ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಅರಸಹೊರಟಾಗ ತಿಳಿದುಬಂದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಸಾಸಿವೆ ಕಾಳಿನಷ್ಟು, ಎಂದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪುಕಣಗಳು ಸುಮಾರು 50 ಲಕ್ಷ. ಬಿಳಿಯ ಕಣಗಳಾದರೋ ವಯಸ್ಕರಲ್ಲಿ 4,000ದಿಂದ 11,000 ಮಾತ್ರ. ಮಕ್ಕಳಲ್ಲಿ ತುಸು ಹೆಚ್ಚು. ಇವೆಲ್ಲವೂ ಹುಟ್ಟುವುದು ಮೂಳೆಯ ಒಳಗಿನ ಮಜ್ಜೆಯಲ್ಲಿ, ಒಂದೇ ಬಗೆಯ ಮೂಲಕಣಗಳಿಂದ. ಹುಟ್ಟಿದ ಕೂಡಲೆ ಅವು ಕಾಳಗಕ್ಕೆ ಇಳಿಯುವುದಿಲ್ಲ. ಮುಂಚೂಣಿಯಲ್ಲಿ ನಿಲ್ಲುವ ನ್ಯೂಟ್ರೊಫಿಲ್ ಕಣ ಒಂದೆರಡು ವಾರ ಮಜ್ಜೆಯಲ್ಲಿಯೇ ಬೆಳೆಯುತ್ತದೆ. ಮೊದಲು ದುಂಡಗಿದ್ದ ಅದರ ಬೀಜಕೇಂದ್ರ ಬೆಳೆದಂತೆಲ್ಲ ಹಲವು ತುಣುಕುಗಳ ಸರದಂತಾಗುತ್ತದೆ. ಆಗ ಅದು ರಕ್ತನಾಳದ ಗೋಡೆಯಲ್ಲಿ ನುಸುಳಿ ರೋಗಾಣುವನ್ನು ನುಂಗಬಲ್ಲುದು. ಲಿಂಫೊಸೈಟುಗಳಲ್ಲಿ ಒಂದು ಪಂಗಡದವು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಹೋಗಿ ತನ್ನವರಾರು, ಪರರಾರು ಎಂಬುದನ್ನು ಕಲಿಯುತ್ತವೆ. ಕಲಿಯಲಾರದವು ಅಲ್ಲಿಯೇ ಅಳಿಯುತ್ತವೆ.

ಈ ಲೆಕ್ಕ ಏರುಪೇರಾಗುವುದು ಅಪೂರ್ವವೇನಲ್ಲ. ಕೀವಾದ ಗಾಯಕ್ಕೆ ಅದು ಏರುತ್ತದೆ. ಡೆಂಗಿ, ವಿಷಮಶೀತ ಜ್ವರಗಳಲ್ಲಿ ಇಳಿಯುವುದುಂಟು. ಜಂತುಹುಳು, ಉಬ್ಬಸಗಳಲ್ಲಿ ಇಯೊಸಿನೊಫಿಲ್ ಎಂಬ ಕಣಗಳು ಹೆಚ್ಚುತ್ತವೆ. ಆನೆಕಾಲು ರೋಗದ ಹುಳುವಿನಿಂದಲೂ ಅವು ಮಿತಿಮೀರಿ ಹೆಚ್ಚಿ ರಾತ್ರಿಯಿಡೀ ಕೆಮ್ಮು ಬರಿಸಬಹುದು. ಆ ರೋಗದ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಬಾಗಲಕೋಟೆಯ ಹೆಸರೂ ಇದ್ದುದುಂಟು. ಕಾರಣ ನೀಗಿದರೆ ಇಂಥ ಲೆಕ್ಕಗಳು ಬಹುಮಟ್ಟಿಗೆ ತಾವಾಗಿ ಸರಿಹೋಗುತ್ತವೆ.

ಆ ಮಗುವಿನ ರೋಗ ಬೇರೆಯದು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹೊರಗಿನಿಂದ ಬಂದು ಗೆದ್ದ. ಲ್ಯುಕೀಮಿಯ ಹೊರಗಿನ ವೈರಿಯಲ್ಲ. ಕತ್ತಿ ಹಿಡಿಯಲು ಬಾರದ, ಬೆಳೆಯಲೂ ಒಲ್ಲದ ಸಾವಿರಾರು ಆಳುಗಳು ಕೋಟೆಯೊಳಗೇ ತುಂಬಿ ಹಗೇವಿನ ಜೋಳವನ್ನೆಲ್ಲ ತಿಂದರೆ ನಿಜವಾದ ಕಾವಲುಗಾರನಿಗೆ ನಿಲ್ಲಲು ತಾವೆಲ್ಲಿ? ಬಲಿಯದ ಕಣಗಳು ಮಜ್ಜೆಯನ್ನು ಆಕ್ರಮಿಸಿದಾಗ ಕೆಂಪುಕಣಗಳು ಕುಗ್ಗಿ ಮುಖ ಬಿಳಿಚುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಕುಗ್ಗಿ ನೀಲಿ ಕಲೆ ಏಳುತ್ತದೆ. ಬಲಿತ ಬಿಳಿಕಣಗಳು ಕುಗ್ಗಿ ಜ್ವರ ಬಿಡದಾಗುತ್ತದೆ. ನೇಕಾರನ ಪ್ರಶ್ನೆಗೆ ಉತ್ತರ ಇದೇ: ಸಂಖ್ಯೆ ಹೆಚ್ಚಿದ್ದರೆ ಸಾಲದು, ಕಣ ಬಲಿತಿರಬೇಕು.

1847ರಲ್ಲಿ ಜರ್ಮನಿಯ ವಿರ್ಖೊ ಈ ರೋಗಕ್ಕೆ ‘ಬಿಳಿಯ ರಕ್ತ’ ಎಂಬರ್ಥದ ಹೆಸರಿಟ್ಟ ಮೇಲೆ ಒಂದು ಶತಮಾನದವರೆಗೆ ಮಕ್ಕಳ ಪಾಲಿಗೆ ಮದ್ದೇ ಇರಲಿಲ್ಲ. ಆಂಧ್ರದ ಭೀಮವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ಸಿದ್ಧಪಡಿಸಿದ ಅಮಿನಾಪ್ಟೆರಿನ್ ಮದ್ದನ್ನು ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳಲ್ಲಿ ರೋಗ ಕೆಲಕಾಲ ಹಿಂಜರಿಯಿತೆಂದು 1948ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಆ ಮದ್ದಿನ ಸೋದರ ಮೆಥೊಟ್ರೆಕ್ಸೇಟನ್ನು ಮಕ್ಕಳಿಗೆ ಇಂದಿಗೂ ಕೊಡುತ್ತಾರೆ. ಮುಂದುವರಿದ ದೇಶಗಳಲ್ಲಿ ಮಕ್ಕಳ ಲಿಂಫೊಸೈಟಿಕ್ ಲ್ಯುಕೀಮಿಯ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಗುಣವಾಗುತ್ತದೆ. ನಮ್ಮಲ್ಲಿ ಅದು ಕಡಿಮೆ; ತಡವಾಗಿ ಬರುವುದು, ನಡುವೆಯೇ ಚಿಕಿತ್ಸೆ ಬಿಡುವುದು ಇದಕ್ಕೆ ಮುಖ್ಯ ಕಾರಣಗಳು.

ಇಳಕಲ್ಲಿನ ಆ ತಂದೆ ನಡುವೆ ಬಿಡಲಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೂ ಊರಿಗೂ ಎರಡೂವರೆ ವರ್ಷ ತಿರುಗಿದ. ಮಗ್ಗ ಎಷ್ಟೋ ದಿನ ಸುಮ್ಮನಿತ್ತು. ಮಗುವಿನ ಕೂದಲು ಉದುರಿತು, ಮರಳಿ ಬಂತು.

ರಕ್ತಕಣಗಳ ಎಣಿಕೆಗೆ ದೂರ ಹೋಗಬೇಕಿಲ್ಲ. ಹುನಗುಂದ, ಬಾದಾಮಿಗಳಂಥ ತಾಲ್ಲೂಕು ಊರುಗಳಲ್ಲಿಯೇ ಅದು ಆಗುತ್ತದೆ. ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಿಲ್ಲದ ನೀಲಿ ಕಲೆ, ಒಸಡಿನ ರಕ್ತ, ಕಂಕುಳು ಕೊರಳುಗಳ ಗಂಟು — ಇವುಗಳಲ್ಲಿ ಕೆಲವು ಒಟ್ಟಿಗೆ ಕಂಡರೆ ದೃಷ್ಟಿ ತೆಗೆಯುವವರು ತೆಗೆಯಲಿ; ಅದೇ ದಿನ ರಕ್ತವನ್ನೂ ಪರೀಕ್ಷಿಸಲಿ.

ಚಿಕಿತ್ಸೆ ಮುಗಿದ ಮೇಲೆ, 2025ರಲ್ಲಿ, ತಂದೆ ಮತ್ತೊಂದು ಚೀಟಿ ತಂದು ತೋರಿಸಿದ. 6,400 ಎಂದಿತ್ತು.

“ಇಷ್ಟ ಸಾಕಲ್ಲೇನ್ರಿ ಸರ?” ಎಂದ.

ಈ ಸಲ ನನ್ನಲ್ಲಿ ಉತ್ತರವಿತ್ತು.