ತಾರಸಿ ಇಲ್ಲದವರ ತರಕಾರಿ

ತಮಿಳುನಾಡು ಸರ್ಕಾರವು 2013ರಲ್ಲಿ ಚೆನ್ನೈ ಮತ್ತು ಕೊಯಮತ್ತೂರು ನಗರಗಳಲ್ಲಿ ಆರಂಭಿಸಿದ ತಾರಸಿ ತೋಟದ ಯೋಜನೆಯು, ತರಕಾರಿ ಬೆಳೆಯಲು ಬೇಕಾದ ಚೀಲ, ಬೀಜ, ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಒಂದೇ ಕಿಟ್‌ನಲ್ಲಿ ಸಹಾಯಧನದ ಮೇಲೆ, ಅಂದರೆ ಬೆಲೆಯ ಒಂದು ಪಾಲನ್ನು ಸರ್ಕಾರವೇ ಭರಿಸುವ ಕ್ರಮದಲ್ಲಿ, ಒದಗಿಸಿತು. ನಾರು ತೆಗೆಯುವಾಗ ಉಳಿಯುವ ಈ ಪುಡಿ ಹಗುರವಾಗಿದ್ದು ನೀರನ್ನು ಹಿಡಿದಿಡುವುದರಿಂದ ಮಾಳಿಗೆಗೆ ಮಣ್ಣಿನ ಭಾರ ತಪ್ಪುತ್ತದೆ; ತೆಂಗಿನ ಸೀಮೆಯಾದ ಪೊಳ್ಳಾಚಿ ಕೊಯಮತ್ತೂರು ಜಿಲ್ಲೆಯಲ್ಲೇ ಇರುವುದೂ ಅನುಕೂಲವೇ.

ಆದರೆ ಈ ನೆರವು ಫಲಾನುಭವಿಗೆ ತಾರಸಿಯೊಂದಿದೆ ಎಂದೇ ಭಾವಿಸಿಕೊಂಡಿದೆ. ನೆರೆಯ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ದುಡಿಯುತ್ತ, ಸಾಲುಮನೆಯ ಒಂದೇ ಕೋಣೆಯಲ್ಲಿ ಬಾಡಿಗೆಗಿರುವ ವಲಸೆ ಕುಟುಂಬಕ್ಕೆ ತಾರಸಿಯ ಮೇಲೆ ಹಕ್ಕಿರುವುದಿಲ್ಲ. ನದಿದಂಡೆಯ ಖಾಲಿ ಜಾಗದಲ್ಲಿ ಸೊಪ್ಪು ಬೆಳೆಯಬಹುದೆಂಬ ಸಲಹೆ ಕೇಳಲು ಸೊಗಸಾದರೂ, ಬಣ್ಣ ಹಾಕುವ ಘಟಕಗಳ ತ್ಯಾಜ್ಯದಿಂದ ಅಲ್ಲಿನ ನೊಯ್ಯಲ್ ನದಿ ಎಷ್ಟು ಕೆಟ್ಟಿತ್ತೆಂದರೆ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚುವಂತೆ ಆದೇಶಿಸಬೇಕಾಯಿತು; ಮಣ್ಣು ಮತ್ತು ನೀರಿನ ಪರೀಕ್ಷೆಯಿಲ್ಲದೆ ಅಲ್ಲಿ ಬಿತ್ತುವುದು ವಿವೇಕವಲ್ಲ.

ಬೆಳೆಯಲಾಗದವರು ಕೊಳ್ಳಬಹುದಲ್ಲವೇ? ರಾಜ್ಯದಲ್ಲಿ 1999ರಲ್ಲಿ ಆರಂಭವಾದ ಉಳವರ್ ಸಂದೈ, ಅಂದರೆ ರೈತರು ದಲ್ಲಾಳಿಗಳಿಲ್ಲದೆ ನೇರವಾಗಿ ಮಾರುವ ಸರ್ಕಾರಿ ಮಾರುಕಟ್ಟೆ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳೆರಡರಲ್ಲೂ ತಾಜಾ ತರಕಾರಿಯನ್ನು ಮಿತವಾದ ದರಕ್ಕೆ ದೊರಕಿಸಿದೆ. ಅದರ ವ್ಯಾಪಾರ ಮುಖ್ಯವಾಗಿ ಬೆಳಗಿನದಾದ್ದರಿಂದ ಪಾಳಿಯಲ್ಲಿ ದುಡಿಯುವವರಿಗೆ ಮಾತ್ರ ಅದು ಸುಲಭವಾಗಿ ಎಟುಕುವುದಿಲ್ಲ. ಹೀಗಿರುವಾಗ ನಗರ ಕೃಷಿಗೆ ಮೀಸಲಿಡುವ ಹಣವು ಬಿಡಿಮನೆಗಳ ಕಿಟ್‌ಗಿಂತ, 2021ರಲ್ಲಿ ನಗರ ವಸತಿ ಅಭಿವೃದ್ಧಿ ಮಂಡಳಿಯೆಂದು ಹೆಸರು ಬದಲಿಸಿಕೊಂಡ ಹಳೆಯ ಕೊಳಚೆ ನಿರ್ಮೂಲನ ಮಂಡಳಿಯ ವಸತಿ ಸಮುಚ್ಚಯಗಳ ಸಾಮೂಹಿಕ ತಾರಸಿಗಳಿಗೂ, ಅಲ್ಲಿಗೆ ಬೇಕಾದ ನೀರಿನ ಸಂಪರ್ಕಕ್ಕೂ, ಗಿಡಗಳನ್ನು ನೋಡಿಕೊಳ್ಳುವವರ ಕೂಲಿಗೂ ಮೊದಲು ಹೋಗಬೇಕು.