ಕಾರಿನ ಮೈಮೇಲಣ ನೀರಿನ ಕಲೆ

ಚೆನ್ನಾಗಿ ತೊಳೆದು ಬಿಸಿಲಿಗೆ ನಿಲ್ಲಿಸಿದ ಮೋಟಾರು ಕಾರಿನ ಮೇಲೆ ಸ್ವಲ್ಪ ಹೊತ್ತಿನಲ್ಲಿಯೇ ಸಣ್ಣ ಬಳೆಗಳಂತಹ ಬಿಳಿಯ ಕಲೆಗಳು ಮೂಡುವುದನ್ನು ಅನೇಕ ಗೃಹಸ್ಥರು ಕಂಡಿರಬಹುದು. ಕಪ್ಪು ಬಣ್ಣದ ಕಾರಾದರಂತೂ ಹೇಳತಕ್ಕದ್ದೇ ಇಲ್ಲ. ಕಂಡೊಡನೆಯೇ, ಬೆಳಗಿನ ಜಾವ ಬಂದು ತೊಳೆದುಹೋದ ಹುಡುಗನನ್ನು ಕರೆಯಿಸಿ, ಕೆಲಸಗಳ್ಳನೆಂದು ಗದರಿಸಿ, ಇನ್ನೆರಡು ಬಕೀಟು ನೀರನ್ನು ಹೊಯ್ಯಿಸುವುದು ವಾಡಿಕೆಯಾಗಿದೆ. ಇದು ಅನ್ಯಾಯವೆಂದು ನಮ್ಮ ಅಭಿಪ್ರಾಯ. ಆ ಕಲೆಯು ಉಳಿದುಹೋದ ಕೊಳೆಯಲ್ಲ. ತೊಳೆದ ನೀರಿನದೇ ಶೇಷ. ಅದೇ ನೀರನ್ನು ಮತ್ತೆ ಹೊಯ್ದು ಹಾಗೆಯೇ ಬಿಟ್ಟರೆ ಅದೇ ಕಲೆಯು ಮತ್ತೆ ಮೂಡುವುದು.

ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಧಾತುಗಳ ಲವಣಗಳು ಕರಗಿರುತ್ತವೆ. ಬಚ್ಚಲಿನ ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವುದು ಇವುಗಳಿಂದಲೇ. ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಜಲಮೂಲವಿಲ್ಲದ ಕಡೆ 600ರ ವರೆಗೆ ಸಹಿಸಬಹುದೆಂದೂ 2012ರ ಭಾರತೀಯ ಮಾನಕವು ಹೇಳುತ್ತದೆ. 600ರ ಗಡಸಿನ ನೀರು ಕಾರಿನ ಮೇಲೆ ಒಂದು ಲೋಟದಷ್ಟು, ಎಂದರೆ 200 ಮಿಲಿಲೀಟರು, ನಿಂತು ಆರಿತೆನ್ನೋಣ. ಆಗ ಸುಮಾರು 120 ಮಿಲಿಗ್ರಾಂ ಸುಣ್ಣದ ಪುಡಿಯನ್ನು ನಾವೇ ತೂಗಿ ಚೆಲ್ಲಿದಂತಾಗುವುದು.

ಕಲೆಯು ಬಳೆಯಾಕಾರವಾಗುವುದೇಕೆ? ಮೇಜಿನ ಮೇಲೆ ಬಿದ್ದು ಆರಿದ ಕಾಫಿಯ ತೊಟ್ಟನ್ನು ನೋಡಿರಿ. ನಡುವೆ ತೆಳುವು, ಅಂಚಿನಲ್ಲಿ ದಟ್ಟ. ತೊಟ್ಟಿನ ಅಂಚು ಒಂದೆಡೆ ಕಚ್ಚಿಕೊಂಡಿರುವುದರಿಂದ, ಅಲ್ಲಿ ಆವಿಯಾಗಿ ಹೋದ ನೀರನ್ನು ತುಂಬಲು ಒಳಗಿನ ನೀರು ಹೊರಕ್ಕೆ ಹರಿದು, ತನ್ನಲ್ಲಿರುವುದನ್ನೆಲ್ಲ ಅಂಚಿಗೆ ಸಾಗಿಸುವುದೆಂದು ಷಿಕಾಗೋ ವಿಶ್ವವಿದ್ಯಾನಿಲಯದ ಡೀಗನ್ ಎಂಬವರೂ ಅವರ ಸಂಗಡಿಗರೂ 1997ರಲ್ಲಿ ವಿವರಿಸಿದರು.

ಆದಕಾರಣ ಕಲೆಗೆ ಪರಿಹಾರವು ನೀರಲ್ಲ, ವಸ್ತ್ರ. ಸಂಸ್ಕೃತದಲ್ಲಿ ಕ್ಷಾಲನವೇ ಬೇರೆ, ಮಾರ್ಜನವೇ ಬೇರೆ. ಮೊದಲನೆಯದು ತೊಳೆಯುವುದು, ಎರಡನೆಯದು ಒರಸಿ ಶುದ್ಧಿಮಾಡುವುದು. ನಮ್ಮವರು ಕ್ಷಾಲನಕ್ಕೆ ಕೂಲಿ ಕೊಟ್ಟು ಮಾರ್ಜನವನ್ನು ಸೂರ್ಯನಿಗೆ ಒಪ್ಪಿಸಿಬಿಡುತ್ತಾರೆ! ಹತ್ತು ಮನೆಗಳ ಕಾರುಗಳನ್ನು ತೊಳೆಯಬೇಕಾದ ಹುಡುಗನಿಗೆ ಒಂದು ಹರಕು ಬಟ್ಟೆಯಲ್ಲದೆ ಬೇರೇನಿದೆ? ಮೈಕ್ರೋಫೈಬರಿನ ದೊಡ್ಡ ವಸ್ತ್ರಗಳೆರಡನ್ನು ಮನೆಯವರೇ ಕೊಡತಕ್ಕದ್ದು. ಚಕ್ರಗಳಿಗೆ ಬೇರೊಂದಿರಲಿ; ಅದಕ್ಕಂಟಿದ ಮರಳು ಬಣ್ಣವನ್ನು ಗೀಚೀತು.

ಕಾರು ನೆರಳಿನಲ್ಲಿರಬೇಕು, ಅದರ ಮೈ ತಣ್ಣಗಿರಬೇಕು. ಕೊನೆಯ ನೀರನ್ನು ಎರಚದೆ ಮೇಲಿನಿಂದ ಮೆಲ್ಲಗೆ ಹರಿಯಬಿಟ್ಟರೆ ಬಹುಪಾಲು ನೀರು ತೊಟ್ಟುಗಳಾಗದೆ ಹಾಳೆಯಂತೆ ಜಾರಿಹೋಗುವುದು. ಬಳಿಕ ವಸ್ತ್ರವನ್ನು ಮಾಡಿನ ಮೇಲೆ ಹಾಸಿ, ತಿಕ್ಕದೆ, ಮೆಲ್ಲಗೆ ಎಳೆಯಬೇಕು. ಅನಂತರ ಗಾಜುಗಳು, ಮುಂದಣ ಮುಚ್ಚಳ, ಪಕ್ಕಗಳು. ಇಷ್ಟಾದರೂ ಬಾಗಿಲುಗಳ ಸಂದು, ಪಕ್ಕದ ಕನ್ನಡಿ, ಪೆಟ್ರೋಲಿನ ಮುಚ್ಚಳ ಇವುಗಳಲ್ಲಿ ಅಡಗಿದ ನೀರು ಆಮೇಲೆ ಇಳಿದು ಗೆರೆಯೆಳೆಯುವುದು. ಬಾಗಿಲುಗಳನ್ನು ಒಮ್ಮೆ ತೆರೆದು ಅಂಚುಗಳನ್ನು ಒರಸಿದರೆ ಸಾಕು.

ಬೆಂಗಳೂರಿನ ಜಲಮಂಡಳಿಯು 2024ರ ಮಾರ್ಚ್ ತಿಂಗಳಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ನೀರಿನ ಅಭಾವವನ್ನರಿತು, ಶುದ್ಧೀಕರಣ ಯಂತ್ರವು ಹೊರಬಿಡುವ ನೀರನ್ನು ಕೂಡಿಟ್ಟು ಕಾರಿಗೆ ಬಳಸುವ ಗೃಹಿಣಿಯರುಂಟು. ಶ್ಲಾಘ್ಯವೇ ಸರಿ, ಆದರೆ ಯಂತ್ರವು ಬೇರ್ಪಡಿಸಿದ ಲವಣವೆಲ್ಲ ಆ ನೀರಿನಲ್ಲಿಯೇ ಸೇರಿರುವುದರಿಂದ ಕಲೆಯೂ ಹೆಚ್ಚು. ಮೊದಲಿನ ಧೂಳು ಕಳೆಯಲು ಅದನ್ನು ಬಳಸಿ, ಕಡೆಗೆ ಹಿಡಿದಿಟ್ಟ ಮಳೆಯ ನೀರು ಅರ್ಧ ಬಕೀಟಿದ್ದರೆ ಅದನ್ನು ಹೊಯ್ಯುವುದು ಉತ್ತಮ. ಮಳೆಯ ನೀರಿನಲ್ಲಿ ಗಡಸಿಲ್ಲ.

ಈಗಾಗಲೇ ಬಿದ್ದ ಕಲೆಗೆ, ಸಮಭಾಗ ನೀರು ಬೆರೆಸಿದ ಬಿಳಿಯ ವಿನಿಗರಿನಲ್ಲಿ ಬಟ್ಟೆಯನ್ನು ಅದ್ದಿ ಕ್ಷಣಕಾಲ ಒತ್ತಿ, ಆರಗೊಡದೆ ತೊಳೆದು ಒರಸಬೇಕು. ಮೊದಲು ಮರೆಯಾದ ಒಂದೆಡೆ ಪರೀಕ್ಷಿಸುವುದು ಲೇಸು. ಹಿತ್ತಾಳೆಯ ಪಾತ್ರೆಯಂತೆ ಹುಣಿಸೆಹಣ್ಣು ಬೂದಿಗಳಿಂದ ತಿಕ್ಕತಕ್ಕದ್ದಲ್ಲ. ಬಣ್ಣದ ಮೇಲಣ ಮೆರುಗಿನ ಪದರವು ಬಹು ತೆಳುವಾದುದು. ಬಹುಕಾಲ ಬಿಸಿಲಿನಲ್ಲಿ ಕುಳಿತ ಕಲೆಯು ಆ ಪದರವನ್ನೇ ಕೊರೆದುಬಿಟ್ಟಿದ್ದರೆ ವಿನಿಗರಿನಿಂದ ಹೋಗದು. ಪಾಲಿಷು ಮಾಡುವವರಲ್ಲಿಗೆ ಒಯ್ಯಬೇಕಾಗುವುದು.

ವಸ್ತ್ರವು ಎಟುಕದ ಸ್ಥಾನವೊಂದುಂಟು, ಬ್ರೇಕಿನ ತಟ್ಟೆಗಳು. ತೊಳೆದ ಬಳಿಕ ಹಾಗೆಯೇ ನಿಲ್ಲಿಸಿದರೆ ಅವುಗಳಿಗೆ ತೆಳುವಾಗಿ ತುಕ್ಕು ಹಿಡಿಯುವುದರಿಂದ, ಕಾರನ್ನು ಬೀದಿಯಲ್ಲಿ ಸ್ವಲ್ಪ ದೂರ ಮೆಲ್ಲಗೆ ನಡೆಸಿ, ಎರಡು ಮೂರು ಸಾರಿ ಬ್ರೇಕನ್ನು ಒತ್ತಿ ಒಣಗಿಸಿಕೊಳ್ಳತಕ್ಕದ್ದು.